ಜೀಪಿನ ಹಳೆ ಪ್ಲೇಟ್‌ನಿಂದ ತೋಟದ ಕತ್ತಿ: ಅಡೆಗಲ್ಲಿಗೆ ಏನು, ಹದ ಹೇಗೆ?

ಪೆರ್ಲದ ತೋಟದವ
ಮನೆಯ ಹಿಂದೆ ಹಳೆ ಹಟ್ಟಿ ಖಾಲಿ ಬಿದ್ದಿದೆ, ಅಲ್ಲೇ ಸಣ್ಣ ಕುಲುಮೆ ಹಾಕುವ ಅಂದಾಜು. ಆಂಗಲ್ ಗ್ರೈಂಡರ್, ಡ್ರಿಲ್, ವೈಸ್, ಎರಡು ಅರ ಇವೆ. ಗುಜರಿಯಿಂದ ಜೀಪಿನ ಲೀಫ್ ಪ್ಲೇಟ್ (ಸ್ಪ್ರಿಂಗಿನ ಪಟ್ಟಿ) ತಂದಿಟ್ಟಿದ್ದೇನೆ, ಅದರಿಂದ ತೋಟದ ಕತ್ತಿ ಮಾಡಬೇಕು. ಕಾಸಿದ ಕಬ್ಬಿಣ ಇಟ್ಟು ಬಡಿಯಲು ಹೊಸ ಅಡೆಗಲ್ಲು ಕೊಳ್ಳುವಷ್ಟು ಹುಚ್ಚು ಇನ್ನೂ ಹಿಡಿದಿಲ್ಲ, ರೈಲು ಕಂಬಿಯ ತುಂಡು ಆದೀತಾ? ಕುಲುಮೆಯನ್ನು ಮುರಕಲ್ಲಿನಲ್ಲೇ (ಕೆಂಪುಕಲ್ಲು) ಕಟ್ಟಬಹುದಾ? ಕಾಸಿದ ಮೇಲೆ ಅದ್ದುವುದು ನೀರಿಗಾ ಎಣ್ಣೆಗಾ? ನಮ್ಮೂರ ಆಚಾರಿ ನೀರಿಗೇ ಅದ್ದುತ್ತಿದ್ದರು, ಯೂಟ್ಯೂಬಿನಲ್ಲಿ ಎಲ್ಲರೂ ಎಣ್ಣೆ ಅನ್ನುತ್ತಾರೆ.

ಕುಂಬಳೆ ಫಿಟ್ಟರ್
ಕಂಬಿ ಒಳ್ಳೆಯದೇ, ಆದರೆ ಬಿಲ್ ಇಲ್ಲದೆ ತರಬೇಡಿ ಮಾರಾಯ್ರೆ. ರೈಲ್ವೆ ಸೊತ್ತು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ ಕೇಸ್ ಆಗುತ್ತದೆ, ಹರಾಜಿನ ಕಾಗದ ಇದ್ದವನಿಂದ ಮಾತ್ರ ತಗೊಳ್ಳಿ. ಸಿಕ್ಕಿದರೆ ಅಡ್ಡ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ ಮರದ ಕೊರಡಿನಲ್ಲಿ ಅರ್ಧ ಹೂತುಬಿಡಿ. 60 ಕೆಜಿ ಕಂಬಿ ಅಂದರೆ ಮೀಟರಿಗೆ 60 ಕೆಜಿ, ಒಂದಡಿ ತುಂಡೇ 18 ಕೆಜಿ ತೂಗುತ್ತದೆ. ನಿಲ್ಲಿಸಿದಾಗ ಆ ತೂಕವೆಲ್ಲ ಸುತ್ತಿಗೆಯ ನೇರ ಕೆಳಗೆ ಬರುತ್ತದೆ. ಮಲಗಿಸಿದರೆ ಸುಮ್ನೆ ಕುಣಿಯುತ್ತದೆ, ಕಿವಿಯೂ ಹೋಗುತ್ತದೆ. ಕಂಬಿ ಸಿಗದಿದ್ದರೆ ಗುಜರಿಯಲ್ಲಿ ದಪ್ಪ ಶಾಫ್ಟ್ ತುಂಡು ಹುಡುಕಿ.

ಮುಳ್ಳೇರಿಯ
ಮುರಕಲ್ಲು ಹೊರಗೋಡೆಗೆ ಸಾಕು, ಬೆಂಕಿ ತಾಗುವ ಜಾಗಕ್ಕೆ ಬೇಡ. ನಮ್ಮ ಮಳೆಗೆ ಅದು ನೀರು ಕುಡಿದೇ ಇರುತ್ತದೆ, ಒಳಗೆ ಆವಿ ಕಟ್ಟಿ ಚೂರು ಸಿಡಿಯುತ್ತದೆ. ಸಿಮೆಂಟೂ ಹಾಗೆಯೇ. ಹಳೆ ಕಬ್ಬಿಣದ ಬಾಣಲೆಗೆ ಜೇಡಿಮಣ್ಣು, ಮರಳು ಕಲಸಿ ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಸಣ್ಣ ಉರಿಯಿಂದ ಶುರು ಮಾಡಿ. ಗೆರಟೆ ಇದ್ದಿಲು ಧಾರಾಳ ಸಾಕು, ಕಾವು ಜಾಸ್ತಿ, ಬೂದಿ ಕಡಿಮೆ, ಹೊತ್ತಿಕೊಳ್ಳುವುದು ಮಾತ್ರ ನಿಧಾನ. ಕುಲುಮೆಗೆ ಗಾಳಿ ಊದಲು ಜಿ.ಐ. ಪೈಪ್ (ಸತು ಲೇಪಿಸಿದ್ದು) ಹಾಕಬೇಡಿ. ಸತು ಸುಟ್ಟು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಉಪ್ಪಳ ಗ್ಯಾರೇಜ್
ಮೊದಲು ಪ್ಲೇಟ್‌ನಲ್ಲಿ ಬಿರುಕು ಇದೆಯಾ ನೋಡಿ. ತುಕ್ಕು ಉಜ್ಜಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಚಾಕ್ ಪುಡಿ ಉದುರಿಸಿ. ಬಿರುಕು ಇದ್ದಲ್ಲಿ ಎಣ್ಣೆ ಹೊರಗೆ ಬಂದು ಪುಡಿಯಲ್ಲಿ ಕೂದಲಿನಂತಹ ಒದ್ದೆ ಗೆರೆ ಮೂಡುತ್ತದೆ. ಆ ತುಂಡು ಬೇಡವೇ ಬೇಡ.

ಅದ್ದುವುದು ಎಣ್ಣೆಗೆ. ಈ ಸ್ಪ್ರಿಂಗ್ ಉಕ್ಕನ್ನು ನೀರಿಗೆ ಹಾಕಿದರೆ ಬಿರುಕು ಬಿಡುವ ಸಂಭವ ಜಾಸ್ತಿ. ಹಾಗಂತ ಆಚಾರಿ ಮಾಡಿದ್ದು ತಪ್ಪಲ್ಲ. ಅವರು ಕತ್ತಿಯ ಬಾಯಿಯನ್ನು (ಹರಿತದ ಅಂಚು) ಮಾತ್ರ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ, ಬೆನ್ನಲ್ಲಿ ಉಳಿದ ಬಿಸಿ ಬಾಯಿಯ ಕಡೆ ಬಣ್ಣವಾಗಿ ಓಡಿ ಬರುವುದನ್ನು ನೋಡಿ ಸರಿಯಾದ ಹೊತ್ತಿಗೆ ಮತ್ತೆ ಅದ್ದುತ್ತಾರೆ, ಆ ಕಣ್ಣು ನಮಗೆಲ್ಲಿದೆ? ನಮಗೆ ಅಯಸ್ಕಾಂತವೇ ಗತಿ. ಸುಮಾರು 770 ಡಿಗ್ರಿಗೆ ಕಬ್ಬಿಣ ಅದಕ್ಕೆ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಬಣ್ಣ ಇನ್ನೊಂದು ಚೂರು ಏರಲಿ, ಆಮೇಲೆ ಎಣ್ಣೆಗೆ. ಬಿಸಿಲಲ್ಲಿ ಬಣ್ಣ ತಿಳಿಯುವುದಿಲ್ಲ, ಸಂಜೆ ಮಾಡಿ.

ಅದ್ದಿದ ಮೇಲೆ ಅರ ಹಿಡಿಯದೆ ಜಾರಿದರೆ ಗಟ್ಟಿಯಾಗಿದೆ ಅಂತ. ಹಾಗೇ ಬಳಸಿದರೆ ಗಾಜಿನಂತೆ ಚಕ್ಕೆ ಏಳುತ್ತದೆ, ಅದೇ ದಿನ ಹದ ಇಳಿಸಿ, ಅಂದರೆ ಉಜ್ಜಿ ಹೊಳಪು ತಂದು ಮೆಲ್ಲಗೆ ಮತ್ತೆ ಕಾಸಿ, ಮೇಲೆ ಮೂಡುವ ಬಣ್ಣ ನೋಡಿ ನಿಲ್ಲಿಸಿ. ಒಣಹುಲ್ಲಿನ ಹಳದಿ ಬಣ್ಣಕ್ಕೆ ನಿಲ್ಲಿಸಿದರೆ ಅಡುಗೆ ಚೂರಿಗೆ ಸರಿ. ಕೊಂಬೆ ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆ ಹತ್ತಿರ, ಅಂದರೆ 260–270 ಡಿಗ್ರಿ, ಬರಲಿ.

ಪೆರ್ಲದ ತೋಟದವ
ಎಣ್ಣೆ ಯಾವುದು? ತೆಂಗಿನೆಣ್ಣೆಯ ರೇಟು ನೋಡಿದರೆ ಕತ್ತಿಗಿಂತ ಅದೇ ದುಬಾರಿ. ಗ್ಯಾರೇಜಿನ ಸುಟ್ಟ ಆಯಿಲ್ ಆಗದಾ?

ಉಪ್ಪಳ ಗ್ಯಾರೇಜ್
ನಮ್ಮಲ್ಲಿ ಡ್ರಮ್‌ಗಟ್ಟಲೆ ಇದೆ, ಆದರೂ ಕೊಡುವುದಿಲ್ಲ. ಅದರ ಹೊಗೆ ಕೆಟ್ಟದ್ದು. ಅಗ್ಗದ ಅಡುಗೆ ಎಣ್ಣೆ ಯಾವುದಾದರೂ ನಡೆಯುತ್ತದೆ, ಕೈಗೆ ತಾಗುವಷ್ಟು ಬಿಸಿ ಮಾಡಿಕೊಳ್ಳಿ. ಪಾತ್ರೆ ಕಬ್ಬಿಣದ್ದೇ ಇರಲಿ, ಮುಚ್ಚಳ ಪಕ್ಕದಲ್ಲೇ ಇರಲಿ, ಬೆಂಕಿ ಹತ್ತಿದರೆ ಮುಚ್ಚಿಬಿಡಿ, ನೀರು ಸುರಿಯಬೇಡಿ. ಕೊನೆಗೆ ಬಾಯಿ ಹರಿತ ಮಾಡುವಾಗ ಗ್ರೈಂಡರ್ ಒತ್ತಬೇಡಿ. ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿ ಹದ ಹೋಯಿತು. ಬರಿಗೈಯಲ್ಲಿ ಹಿಡಿದು, ಬಿಸಿ ತಾಗಿದ ಕೂಡಲೇ ಬಕೆಟ್ ನೀರಿಗೆ ಅದ್ದುತ್ತಾ ಹೋಗಿ.