ವಾರಕ್ಕೆ ಎರಡೇ ದಿನ ಅನಸ್ತೇಶಿಯಾ ಇರುವ ಕಡೆ ಹೆರಿಗೆ ವಿಭಾಗ ನಡೆಸುವುದು ಹೇಗೆ?

ಪ್ರಶ್ನೆ: ಒಬಿಜಿ_ಉಡುಪಿ

ಎಂ.ಎಸ್. ಮುಗಿಸಿ ಉಡುಪಿ ಜಿಲ್ಲೆಯ ಉತ್ತರದಂಚಿನ 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರಕ್ಕೆ ಪ್ರಸೂತಿ ತಜ್ಞೆಯಾಗಿ ಸೇರುತ್ತಿದ್ದೇನೆ. ಅನಸ್ತೇಶಿಯಾ ಡಾಕ್ಟರ್ ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಮಕ್ಕಳ ತಜ್ಞರಿದ್ದಾರೆ. ರಕ್ತ ಶೇಖರಣಾ ಘಟಕ ಇಲ್ಲ, ಮಣಿಪಾಲಕ್ಕೆ ಒಂದೂವರೆ ಗಂಟೆ ದಾರಿ. ಸಿಸೇರಿಯನ್ ಬೇಗ ಶುರುವಾಗಲಿ ಎಂದು ಊರವರ ಒತ್ತಾಯವಿದೆ. ಮಳೆಗಾಲಕ್ಕೆ ಮುಂಚೆ ಏನೇನು ಸರಿ ಮಾಡಿಕೊಳ್ಳಬೇಕು? ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಯಾರನ್ನು ಮೊದಲೇ ಕಳಿಸಬೇಕು?

ಉತ್ತರ: ಹೆರಿಗೆಕೋಣೆ

ಮೇಡಂ, ಸಿಸೇರಿಯನ್ ಯಾವತ್ತಿನಿಂದ ಅಂತ ಈಗಲೇ ಯಾರಿಗೂ ಮಾತು ಕೊಡಬೇಡಿ. ಮೊದಲು ರಕ್ತಕ್ಕೆ ವ್ಯವಸ್ಥೆಯಾಗಲಿ. ಶೇಖರಣಾ ಘಟಕಕ್ಕೆ ರಕ್ತನಿಧಿಯ ಹಾಗೆ ಪೂರ್ತಿ ಲೈಸೆನ್ಸ್ ಬೇಕಿಲ್ಲ. ವರ್ಷಕ್ಕೆ 2000 ಯೂನಿಟ್‌ಗಿಂತ ಕಡಿಮೆ ಬಳಸುವ ಕಡೆ ಔಷಧ ನಿಯಂತ್ರಣ ಇಲಾಖೆಯ ಅನುಮೋದನೆ ಸಾಕು. ಅದಕ್ಕೆ ಒಂದು ರಕ್ತನಿಧಿಯ ಒಪ್ಪಿಗೆ ಪತ್ರ, 10 ಚದರ ಮೀಟರ್ ಕೋಣೆ, 2ರಿಂದ 6 ಡಿಗ್ರಿ ಕಾಯುವ ಬ್ಲಡ್ ಬ್ಯಾಂಕ್ ಫ್ರಿಜ್, ಕ್ರಾಸ್‌ಮ್ಯಾಚ್ (ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಬಲ್ಲ ಟೆಕ್ನೀಶಿಯನ್ ಬೇಕು. ಅವಧಿ ಮುಗಿಯುವ ಮೊದಲೇ ಯೂನಿಟ್‌ಗಳನ್ನು ಮರಳಿಸಿ ಬದಲಿ ಪಡೆಯುವ ಷರತ್ತನ್ನು ಆ ಪತ್ರದಲ್ಲೇ ಬರೆಸಿ. ಬಳಸದ ರಕ್ತ ನಿಮ್ಮಲ್ಲಿ ಹಾಳಾದರೆ ಮುಂದಿನ ಸಲ ಕೊಡಲು ಅವರು ಹಿಂದೇಟು ಹಾಕುತ್ತಾರೆ.

ಅಲ್ಲಿಯವರೆಗೆ ಹಿಂದೆ ಸಿಸೇರಿಯನ್ ಆದವರು, ಅವಳಿ, ಬಿಪಿ ತೀರಾ ಏರಿದವರು, ಎಚ್‌ಬಿ (ಹಿಮೋಗ್ಲೋಬಿನ್) 7ಕ್ಕಿಂತ ಕೆಳಗಿನವರು ನಿಮ್ಮಲ್ಲಿ ಹೆರಬಾರದು. ನೋವು ಶುರುವಾದ ಮೇಲೆ ಕಳಿಸುವುದಲ್ಲ. ಎಲ್ಲಿ ಹೆರಿಗೆ ಎಂದು 36 ವಾರದೊಳಗೆ ತಾಯಿ ಕಾರ್ಡಿನಲ್ಲಿ ಬರೆದು, ಆಶಾಗೆ ಹೇಳಿ, ಮನೆಯವರನ್ನು ಒಪ್ಪಿಸಿರಬೇಕು. ಹಳೆಯ ಸಿಸೇರಿಯನ್ ಗಾಯದ ಜೊತೆ ಮಾಸು (ಪ್ಲಾಸೆಂಟಾ) ಗರ್ಭಕೋಶದ ಕೆಳಭಾಗದಲ್ಲಿ ಕೂತಿದ್ದರೆ, ನಿಮ್ಮಲ್ಲಿ ರಕ್ತ ಇದ್ದರೂ ಅದು ದೊಡ್ಡಾಸ್ಪತ್ರೆಯ ಕೇಸು.

ಇನ್ನು ಹೆರಿಗೆಯ ನಂತರದ ರಕ್ತಸ್ರಾವ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ನಮ್ಮ ಸೆಕೆಯಲ್ಲಿ ಲೇಬರ್ ರೂಮಿನ ಟ್ರೇಯಲ್ಲಿ ದಿನಗಟ್ಟಲೆ ಇಟ್ಟರೆ ಅದರ ಶಕ್ತಿ ಇಳಿಯುತ್ತದೆ, ಇಂಜೆಕ್ಷನ್ ಕೊಟ್ಟರೂ ಗರ್ಭಕೋಶ ಬಿಗಿಯಾಗುವುದಿಲ್ಲ. ಲಸಿಕೆ ಇಡುವ ಫ್ರಿಜ್ಜಿನಲ್ಲಿ (ಐಎಲ್‌ಆರ್) ಜಾಗ ಕೇಳುತ್ತಾ ಕೂರಬೇಡಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸಣ್ಣ ಫ್ರಿಜ್, ಇನ್ವರ್ಟರ್, ಥರ್ಮಾಮೀಟರ್ ತರಿಸಿ, ಪ್ರತಿ ಶಿಫ್ಟಿಗೆ ತಾಪಮಾನ ಬರೆಸಿ.

ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ, ಹೆಚ್ಚಾಗಿ ಕಡಿಮೆಯೇ ಕಾಣುತ್ತದೆ. ಕೆಳಗೆ ಅಳತೆ ಗೆರೆಯಿರುವ ಡ್ರೇಪ್ (ರಕ್ತ ಸಂಗ್ರಹಿಸುವ ಹಾಳೆ) ಹಾಕಿ. 500 ಮಿ.ಲೀ. ಮುಟ್ಟಿದರೆ, ಅಥವಾ 300 ದಾಟಿ ನಾಡಿ-ಬಿಪಿ ಏರುಪೇರಾದರೆ, ಮಸಾಜ್, ಆಕ್ಸಿಟೋಸಿನ್, ಡ್ರಿಪ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಹರಿದಿದೆಯೇ ಎಂಬ ತಪಾಸಣೆ, ಎಲ್ಲವೂ ಒಟ್ಟಿಗೆ ನಡೆಯಬೇಕು. ಟ್ರಾನೆಕ್ಸಾಮಿಕ್ ಹೆರಿಗೆಯಾಗಿ 3 ಗಂಟೆಯೊಳಗೆ ಮಾತ್ರ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ಕ್ಯಾಥೆಟರ್‌ಗೆ ಕಾಂಡೋಮ್ ಕಟ್ಟಿ ಒಳಗಿಟ್ಟು 300ರಿಂದ 500 ಮಿ.ಲೀ. ಸಲೈನ್ ತುಂಬಿ, ಆಮೇಲೆ ಆಂಬುಲೆನ್ಸ್ ಹತ್ತಿಸಿ.

ಉತ್ತರ: ಸ್ಪೈನಲ್‌_25ಜಿ

ಅನಸ್ತೇಶಿಯಾ ಕಡೆಯಿಂದ ಒಂದು ಕಟ್ಟುನಿಟ್ಟಿನ ಮಾತು: ಶುಕ್ರವಾರ ಮಧ್ಯಾಹ್ನದ ಮೇಲೆ ಇಲೆಕ್ಟಿವ್ (ಮೊದಲೇ ದಿನ ಗೊತ್ತುಮಾಡಿದ) ಸಿಸೇರಿಯನ್ ಬೇಡ. ಆಪರೇಶನ್ ಆದವರಿಗೆ ಒಳಗೆ ರಕ್ತ ಸೋರುತ್ತಿದ್ದರೆ ಗೊತ್ತಾಗುವುದು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲಿ. ಆಗ ಮತ್ತೆ ಓಟಿಗೆ (ಆಪರೇಶನ್ ಥಿಯೇಟರ್) ಒಯ್ಯಲು ಅನಸ್ತೇಶಿಯಾದವರು ಊರಲ್ಲಿರಬೇಕು. ಮಂಗಳವಾರವೂ ಬೆಳಿಗ್ಗೆ ಮೊದಲ ಕೇಸಾಗಿ ಹಾಕಿ, ಅವರು ಸಂಜೆವರೆಗೆ ನಿಲ್ಲುವ ಹಾಗೆ ಮೊದಲೇ ಮಾತಾಡಿಕೊಳ್ಳಿ.

ಬಿಪಿ ಏರಿಸುವ ಫಿನೈಲೆಫ್ರಿನ್ ಆಂಪೂಲ್‌ನಲ್ಲಿ 1 ಮಿ.ಲೀ.ಗೆ 10 ಮಿ.ಗ್ರಾಂ ಇರುತ್ತದೆ. 100 ಮಿ.ಲೀ. ಸಲೈನ್‌ಗೆ ಒಂದು ಆಂಪೂಲ್ ಬೆರೆಸಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ. ಸ್ಪೈನಲ್ (ಬೆನ್ನಿಗೆ ಕೊಡುವ ಅನಸ್ತೇಶಿಯಾ) ಆದ ಮೇಲೆ ಬಿಪಿ ಬಿದ್ದರೆ ಬೆರೆಸಿದ್ದರಲ್ಲಿ ಅರ್ಧದಿಂದ ಒಂದು ಮಿ.ಲೀ. ಕೊಡಿ. ಆಂಪೂಲನ್ನು ಬೆರೆಸದೆ ಹಾಗೇ ಕೊಟ್ಟರೆ ಜೀವಕ್ಕೇ ಅಪಾಯ. ಬೆರೆಸಿದ ಬಾಟಲಿಗೆ ಆಗಲೇ ಲೇಬಲ್ ಹಚ್ಚಿ.

ಕರೆಂಟಿನದು ಇನ್ನೊಂದು ಕತೆ. ಜನರೇಟರ್ ಇದೆ ಎಂದು ರಿಜಿಸ್ಟರ್‌ನಲ್ಲಿದ್ದರೆ ಸಾಲದು. ಓಟಿ ದೀಪ, ಸಕ್ಷನ್, ಬೇಬಿ ವಾರ್ಮರ್ ಮೂರನ್ನೂ ಹಾಕಿ, ಮೈನ್ ಆಫ್ ಮಾಡಿ, ಅರ್ಧ ಗಂಟೆ ಓಡಿಸಿ ನೋಡಿ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಇಡೀ ರಾತ್ರಿ ಬರದೆ ಇರಬಹುದು, ಡೀಸೆಲ್ ಅಷ್ಟು ಇರಲಿ. ಕಾಲಲ್ಲಿ ಒತ್ತುವ ಸಕ್ಷನ್ ಒಂದು ಟೇಬಲ್ ಕೆಳಗೆ ಇರಲೇಬೇಕು.

ಉತ್ತರ: ಫಾರ್ಮ್_ಎಫ್

ಕಾಗದಪತ್ರ ಮರೆಯಬೇಡಿ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ) ನೋಂದಣಿಯಲ್ಲಿ ನಿಮ್ಮ ಹೆಸರು ಸೇರುವವರೆಗೆ ಸ್ಕ್ಯಾನಿಂಗ್ ಪ್ರೋಬ್ ಮುಟ್ಟಬೇಡಿ. ಗರ್ಭಿಣಿಯ ಪ್ರತಿ ಸ್ಕ್ಯಾನಿಂಗ್‌ನ ದಾಖಲೆಯಾದ ಫಾರ್ಮ್ ಎಫ್ ಆಯಾ ದಿನವೇ ತುಂಬಿಸಿ. ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು.

ಒಬಿಜಿ_ಉಡುಪಿ

ತುಂಬ ಉಪಕಾರ. ಫಿಟ್ಸ್ ಬಂದವರನ್ನು ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಕೊಟ್ಟು ಕಳಿಸುವಾಗ ದಾರಿಗೆ ಏನು ತಯಾರಿ?

ಉತ್ತರ: ಹೆರಿಗೆಕೋಣೆ

50 ಪರ್ಸೆಂಟ್ ಆಂಪೂಲ್ 2 ಮಿ.ಲೀ. ಅಂದರೆ 1 ಗ್ರಾಂ. ನಾಲ್ಕು ಆಂಪೂಲ್, ಅಂದರೆ 8 ಮಿ.ಲೀ.ಗೆ, 12 ಮಿ.ಲೀ. ನೀರು ಅಥವಾ ಸಲೈನ್ ಸೇರಿಸಿ, 5 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ನರಕ್ಕೆ. ಆಮೇಲೆ ಬೆರೆಸದೆ ಎರಡೂ ಪಿರ್ರೆಗೆ ತಲಾ 5 ಗ್ರಾಂ. ಪ್ರಮಾಣ ಮತ್ತು ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಅಲ್ಲಿ ಮತ್ತೊಮ್ಮೆ ಲೋಡಿಂಗ್ (ಮೊದಲ ದೊಡ್ಡ) ಡೋಸ್ ಬೀಳಬಹುದು. ಜೊತೆಗೆ ಸ್ಟಾಫ್ ನರ್ಸ್ ಹೋಗಲೇಬೇಕು. ಅವರ ಚೀಲದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ 10 ಪರ್ಸೆಂಟ್ 10 ಮಿ.ಲೀ., ಉಸಿರು ಕೊಡುವ ಅಂಬು ಬ್ಯಾಗ್, ಮೊಣಕಾಲಿನ ಜರ್ಕ್ ನೋಡಲು ಹ್ಯಾಮರ್ ಇರಲಿ. ಉಸಿರು ನಿಮಿಷಕ್ಕೆ 16ಕ್ಕಿಂತ ಇಳಿದರೆ, ಜರ್ಕ್ ಹೋದರೆ ಮುಂದಿನ ಡೋಸ್ ಇಲ್ಲ. ಉಸಿರೇ ನಿಲ್ಲುವಂತಾದರೆ ಅಂಬು ಹಿಡಿದುಕೊಂಡೇ ಕ್ಯಾಲ್ಸಿಯಂ ನಿಧಾನವಾಗಿ ಕೊಡಬೇಕು.

ಆಕ್ಸಿಜನ್ ಲೆಕ್ಕ ಹೊರಡುವ ಮೊದಲೇ ಹಾಕಿ. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್, ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಸಿಲಿಂಡರ್‌ನ ಒತ್ತಡದ ಮುಳ್ಳು 150ರ ಬದಲು 50ರಲ್ಲಿದ್ದರೆ 50 ನಿಮಿಷ ಮಾತ್ರ, ನಿಮ್ಮ ದಾರಿಗೆ ಸಾಲುವುದಿಲ್ಲ. ಮಗ್ಗುಲಾಗಿ ಮಲಗಿಸಿ, ಆ ಕಡೆಯ ಡ್ಯೂಟಿ ಡಾಕ್ಟರ್ ಫೋನ್ ಎತ್ತಿ ಹೆಸರು ಹೇಳಿದ ಮೇಲೆ ಬಾಗಿಲು ಹಾಕಿಸಿ.