ಅರವತ್ತನಾಲ್ಕು ಅಕ್ಷರವೂ ತಾಳೆಯಾಯ್ತು

ಭಾನುವಾರ ಬೆಳಿಗ್ಗೆ 7:12ಕ್ಕೆ ನಮ್ಮ ಮನೆ ಗುಂಪಿಗೆ ಭಾವ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು. ಆಗಲೇ ಎಷ್ಟೋ ಕೈ ದಾಟಿ ಬಂದದ್ದು.

"ಎಲ್ಲರ ಗಮನಕ್ಕೆ!! ಪಿಡಿಎಫ್ ತಿದ್ದುವ ಸಾಫ್ಟ್‌ವೇರ್ ಉಚಿತ. ಕೆಳಗಿನ ಲಿಂಕ್‌ನಿಂದ ಇಳಿಸಿಕೊಳ್ಳಿ. ನಕಲಿ ಫೈಲ್‌ಗಳಿವೆ, ಎಚ್ಚರ! ಅಸಲಿ ಫೈಲ್‌ನ ಶಾ-256 ಹ್ಯಾಶ್ ಕೊಟ್ಟಿದೆ. ಅದು ತಾಳೆಯಾದರೆ ನೂರಕ್ಕೆ ನೂರು ಸುರಕ್ಷಿತ. ಸೈಬರ್ ತಜ್ಞರ ಸಲಹೆ. ನಿಮ್ಮವರಿಗೆಲ್ಲ ಕಳಿಸಿ."

ಅದರ ಕೆಳಗೆ ಲಿಂಕು, ಅದರ ಕೆಳಗೆ ಉದ್ದದ ಹ್ಯಾಶು, ಅಂದರೆ ಫೈಲಿನ ಒಳಗಿರುವುದನ್ನು ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ.

ಭಾವ: ನಾನೇ ಚೆಕ್ ಮಾಡಿದೆ. 64 ಅಕ್ಷರಾನೂ ತಾಳೆ ಆಯ್ತು. ಇನ್‌ಸ್ಟಾಲ್ ಮಾತ್ರ ಯಾಕೋ ಆಗ್ತಿಲ್ಲ, ಆಮೇಲೆ ನೋಡ್ತೀನಿ. ಇನ್ಮೇಲೆ ಯಾರೂ ನನಗೆ ಬುದ್ಧಿ ಹೇಳೋ ಹಾಗಿಲ್ಲ.

ಮಂಜಣ್ಣ: ಯಾವ ತಜ್ಞರು? ಹೆಸರಿದೆಯಾ? ಮೂಲ ಎಲ್ಲಿ?

ಭಾವ: ಲಿಂಕ್ ಕೊಟ್ಟಿದಾರಲ್ಲಪ್ಪ.

ಮಂಜಣ್ಣ: ಲಿಂಕ್ ಕೊಟ್ಟೋರೂ ಅವರೇ, ಹ್ಯಾಶ್ ಕೊಟ್ಟೋರೂ ಅವರೇ. ಕಳ್ಳನನ್ನೇ ಕರೆದು ಸಾಕ್ಷಿ ಹೇಳು ಅಂದ ಹಾಗಾಯ್ತು.

ಚಿಕ್ಕಮ್ಮ: ಒಳ್ಳೆ ಮಾಹಿತಿ. ನಮ್ಮ ಓರಗಿತ್ತಿಯರ ಗುಂಪಿಗೂ ಹಾಕಿದೆ.

ಮಂಜಣ್ಣ: ಅಮ್ಮಾ, ಪೂರ್ತಿ ಓದಿದ್ಯಾ?

ಚಿಕ್ಕಮ್ಮ: ಎಚ್ಚರ ಅಂತ ಇತ್ತಲ್ಲೋ, ಅದಕ್ಕೇ ಹಾಕಿದೆ.

ಬುದ್ಧಿ ಹೇಳುವ ಮಾತು ಯಾರಿಗೆ ಅಂತ ಗುಂಪಿನಲ್ಲಿರುವ ಹತ್ತೊಂಬತ್ತು ಜನಕ್ಕೂ ಗೊತ್ತು. ಎರಡು ವರ್ಷದ ಹಿಂದೆ ಇಂಥದ್ದೇ ಯಾವುದೋ ಲಿಂಕಿನಿಂದ ಇಳಿಸಿದ ಸೆಟಪ್ ಫೈಲನ್ನು ಭಾವ ಚಿಕ್ಕಮ್ಮನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದರು. ಮಾರನೇ ದಿನ ಒಂದು ಫೈಲೂ ತೆರೆಯಲಿಲ್ಲ. ಎಲ್ಲಕ್ಕೂ ಬೀಗ, ಬಿಡಿಸಬೇಕಾದರೆ ದುಡ್ಡು ಕೊಡಿ ಅನ್ನುವ ಒಂದು ಒಕ್ಕಣೆ. ಅಜ್ಜಿಯ ದನಿ ಇದ್ದ ಹನ್ನೊಂದು ರೆಕಾರ್ಡಿಂಗ್ ಅದರಲ್ಲೇ ಹೋದವು, ಬೇರೆಲ್ಲೂ ನಕಲು ಇರಲಿಲ್ಲ. ಮಂಜಣ್ಣ ಅವತ್ತು ಎಲ್ಲರ ಎದುರು ಆಡಿದ ಮಾತು ಭಾವ ಮರೆತಿಲ್ಲ. ರೆಕಾರ್ಡಿಂಗ್ ಹೋದದ್ದನ್ನು ಮಂಜಣ್ಣ ಮರೆತಿಲ್ಲ. ನಾನೂ ಮರೆತಿಲ್ಲ.

ದೊಡ್ಡಪ್ಪ: ಮಂಜು, ದೊಡ್ಡವರ ಜೊತೆ ಮಾತಾಡೋ ರೀತಿ ಇದಲ್ಲ. ಅಳಿಯಂದ್ರು ಒಳ್ಳೇ ಮನಸ್ಸಿಂದ ಹಾಕಿದ್ದಾರೆ. ಪುಕ್ಕಟೆ ಅಂದ ಕೂಡಲೇ ಕೈ ಚಾಚೋದು ತಪ್ಪು. ನಾಲ್ಕು ಜನರ ಮುಂದೆ ಒಬ್ಬರ ಮಾನ ತೆಗೆಯೋದು ಅದಕ್ಕಿಂತ ದೊಡ್ಡ ತಪ್ಪು.

ಮಂಜಣ್ಣ: ರೀತಿ ನೀತಿ ಆಮೇಲೆ ದೊಡ್ಡಪ್ಪ. ಹ್ಯಾಶನ್ನೇ ನಂಬೋ ಹಾಗಿಲ್ಲ. 2017ರಲ್ಲಿ ಗೂಗಲ್‌ನೋರು ಎರಡು ಬೇರೆ ಬೇರೆ ಪಿಡಿಎಫ್‌ಗೆ ಒಂದೇ ಹ್ಯಾಶ್ ಬರೋ ಹಾಗೆ ಮಾಡಿ ತೋರಿಸಿದ್ದಾರೆ.

ನಾನು: ಅದು ಶಾ-1 ಮಂಜಣ್ಣ, ಹಳೇ ಹ್ಯಾಶ್ ವಿಧಾನ. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಅನ್ನೋ ಸಂಶೋಧನಾ ಸಂಸ್ಥೆಯೋರೂ ಗೂಗಲ್‌ನೋರೂ ಸೇರಿ ಮಾಡಿದ್ದು. ಅದಕ್ಕೂ ಹಳೇ ವಿಧಾನ ಎಂಡಿ5 ಇನ್ನೂ ಮೊದಲೇ, 2004ರಲ್ಲೇ ಮುರಿದಿತ್ತು. ಶಾ-256ನಲ್ಲಿ ಹಾಗೆ ಯಾರೂ ಮಾಡಿ ತೋರಿಸಿಲ್ಲ.

ಭಾವ: ನೋಡಿದ್ಯಾ! ಮೂಲ ಮೂಲ ಅಂತ ಕೂಗಾಡಿ ಕೊನೆಗೆ ನೀನೇ ತಪ್ಪು ಹೇಳಿದೆ.

ಮಂಜಣ್ಣ: (ನನಗೆ) ನೀನು ಯಾರ ಕಡೆ?

ಅಷ್ಟರಲ್ಲಿ ಸುಧಕ್ಕ ಬಂದಳು. ಗಂಡನಿಗೂ ತಮ್ಮನಿಗೂ ಮಾತು ಹತ್ತಿದಾಗೆಲ್ಲ ಅವಳು ಹಳೇ ಕಾಲಕ್ಕೆ ಹೋಗುತ್ತಾಳೆ.

ಸುಧಕ್ಕ: ಈ ಫೈಲ್ ಜಗಳ ನೋಡಿ ಚಿಕ್ಕಪ್ಪನ ಫ್ಲಾಪಿ ಡಬ್ಬ ನೆನಪಾಯ್ತು. ಒಂದರಲ್ಲಿ 1.44 ಎಂಬಿ ಹಿಡಿದ್ರೆ ಹೆಚ್ಚು. ಪ್ರತಿಯೊಂದಕ್ಕೂ ಚೀಟಿ, ದುಂಡಗಿನ ಅಕ್ಷರ. 'ಆಫೀಸ್ ಲೆಕ್ಕ' ಅಂತ ಇದ್ದ ಫ್ಲಾಪಿ ಹಾಕಿದ್ರೆ ಒಳಗೆ ಬರೀ ಹಾವಿನ ಆಟ! ಮಂಜ ಚೀಟಿ ಕಿತ್ತು ಬೇರೇದಕ್ಕೆ ಅಂಟಿಸಿಬಿಟ್ಟಿದ್ದ.

ಚಿಕ್ಕಮ್ಮ: ಅವರು ಅವತ್ತು ಎಷ್ಟು ನಕ್ಕಿದ್ದರು.

ಹತ್ತು ನಿಮಿಷ ಮಂಜಣ್ಣ ಏನೂ ಬರೆಯಲಿಲ್ಲ. ಚಿಕ್ಕಪ್ಪ ಈಗ ಇಲ್ಲ.

ಸುಧಕ್ಕ ಮಾತು ತಪ್ಪಿಸೋಕೆ ಅಂತ ಹೇಳಿದ್ದು ಸೀದಾ ವಿಷಯಕ್ಕೇ ಬಂದು ನಿಂತಿತ್ತು. ಫೈಲಿನ ಹೆಸರು ಆ ಚೀಟಿಯ ಹಾಗೆ. ಯಾರು ಬೇಕಾದರೂ ಏನು ಬೇಕಾದರೂ ಬರೆದು ಅಂಟಿಸಬಹುದು. ಹ್ಯಾಶ್ ಚೀಟಿಯನ್ನು ನೋಡುವುದೇ ಇಲ್ಲ. ಒಳಗಿರುವ ಪ್ರತಿ ಬೈಟನ್ನೂ ಅರೆದು 256 ಬಿಟ್‌ನ ಒಂದು ಸಂಖ್ಯೆ ಕೊಡುತ್ತದೆ, ಅದನ್ನೇ ನಾವು 64 ಅಕ್ಷರವಾಗಿ ಓದುವುದು. ಹೆಸರು ಬದಲಿಸಿದರೆ ಸಂಖ್ಯೆ ಅಲುಗುವುದಿಲ್ಲ. ಒಳಗೆ ಒಂದು ಚುಕ್ಕಿ ಬದಲಿಸಿದರೂ ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಗೊತ್ತಿರುವ ಪ್ಯಾಕೇಜ್ ಫೈಲನ್ನು, ಅಂದರೆ ಸಾಫ್ಟ್‌ವೇರನ್ನು ಕಟ್ಟಿ ಕೊಡುವ ಫೈಲನ್ನು, ಗುರುತು ಹಿಡಿಯಲು ಇದಕ್ಕಿಂತ ನೆಚ್ಚಿನ ದಾರಿ ನನಗೆ ಗೊತ್ತಿಲ್ಲ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಇಂಥ ಹ್ಯಾಶ್‌ಗಳ ದೊಡ್ಡ ಪಟ್ಟಿಯನ್ನೇ ಇಟ್ಟಿದೆ, ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ ಅಂತ. ಕಂಪ್ಯೂಟರ್ ತನಿಖೆ ಮಾಡುವವರು ಗೊತ್ತಿರುವ ಫೈಲುಗಳನ್ನು ಅದರಿಂದ ಸೋಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ನೋಡುತ್ತಾರೆ. ಆದರೆ ಆ ಪಟ್ಟಿ ಹೇಳುವುದು 'ಗೊತ್ತಿರುವ ಫೈಲು' ಅಂತ ಮಾತ್ರ, 'ಒಳ್ಳೆಯ ಫೈಲು' ಅಂತ ಅಲ್ಲ. ಹ್ಯಾಕಿಂಗ್‌ಗೆ ಬಳಸುವ ಸಾಧನಗಳ ಹ್ಯಾಶೂ ಅದರಲ್ಲಿವೆ.

ಆ ಒಂದು ಪದದ ವ್ಯತ್ಯಾಸ ಹೇಳೋಣ ಅಂತ ಕೂತು ಬರೆದೆ.

ನಾನು: ಹ್ಯಾಶ್ ತಾಳೆ ಆಯ್ತು ಅಂದ್ರೆ 'ಇದು ಅದೇ ಫೈಲ್' ಅಂತ ಅಷ್ಟೇ. ಆ ಫೈಲ್ ಒಳ್ಳೇದೋ ಕೆಟ್ಟದ್ದೋ ಅದು ಹೇಳಲ್ಲ. ಸಂಖ್ಯೆ ಎಲ್ಲಿಂದ ಬಂತು ಅನ್ನೋದೇ ಮುಖ್ಯ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್‌ನ ತಾಣಕ್ಕೇ ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನ ಹಿಂಬಾಗಿಲಿದ್ದ, ಅಂದ್ರೆ ಕಳ್ಳದಾರಿ ಇಟ್ಟಿದ್ದ ಫೈಲ್‌ಗೆ ತಿರುಗಿಸಿದ್ರು. ಪುಟಾನೇ ಕೈಗೆ ಸಿಕ್ಕೋರಿಗೆ ಅಲ್ಲಿರೋ ಹ್ಯಾಶ್ ಬದಲಿಸೋದು ಎಷ್ಟು ಹೊತ್ತು?

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದ್ತಾರೆ ಮಗು.

ಮಂಜಣ್ಣ: ಎಕ್ಸ್‌ಜೆಡ್ ಕತೆ ಬಿಟ್ಟೆ, ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸೋ ಸಾಫ್ಟ್‌ವೇರ್. 2024ರಲ್ಲಿ ಅದರ 5.6.0, 5.6.1 ಆವೃತ್ತಿ ಎರಡರಲ್ಲೂ ಹಿಂಬಾಗಿಲು ಇಟ್ಟೋನು ಆ ಯೋಜನೆ ನೋಡಿಕೊಳ್ತಿದ್ದೋನೇ. ಹ್ಯಾಶೂ ಸರಿ, ಡಿಜಿಟಲ್ ಸಹಿನೂ ಸರಿ. ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನೋರು ಬೆನ್ನು ಹತ್ತದಿದ್ರೆ ಇವತ್ತು ಎಲ್ಲೆಲ್ಲಿ ಕೂತಿರ್ತಿತ್ತೋ.

ಭಾವ: ಅಂದ್ರೆ ನಾನೇ ವೈರಸ್ ಹಂಚೋನು ಅಂತ ನಿನ್ನ ಅರ್ಥ.

ಮಂಜಣ್ಣ: ನಾನು ಹಾಗೆ ಹೇಳಿದ್ನಾ?

ಭಾವ: ಎರಡು ವರ್ಷದ ಹಿಂದೆ ಹೇಳಿದ್ದೆ.

ಆಮೇಲಿನ ಮೂವತ್ತು ಸಂದೇಶದಲ್ಲಿ ಫೈಲಿನ ಮಾತೇ ಇಲ್ಲ. ಯಾರು ಯಾರನ್ನು ಯಾವಾಗ ಏನಂದರು, ಗುಂಪಿನಿಂದ ಯಾರು ಹೊರಗೆ ಹೋಗಿ ಯಾರು ವಾಪಸ್ ಕರೆತಂದರು, ಅದೇ. ಮಧ್ಯೆ ಭಾವ ಒಂದು ಫೋಟೋ ಹಾಕಿದರು. "ನಾನು ಓದಿಲ್ಲ, ನೋಡಿಲ್ಲ ಅನ್ನೋರಿಗೆ" ಅಂತ ಕೆಳಗೆ ಬರೆದಿದ್ದರು.

ರೂಲ್ ಹಾಕಿದ ಹಾಳೆ. ವಿಂಡೋಸ್‌ನಲ್ಲಿ ಕಮಾಂಡ್ ಟೈಪಿಸುವ ಪವರ್‌ಶೆಲ್ ತೆರೆದು ಹ್ಯಾಶ್ ತೆಗೆಯುವ ಕಮಾಂಡನ್ನು ಮೇಲೆ ಬರೆದುಕೊಂಡಿದ್ದಾರೆ. ಕೆಳಗೆ ಎರಡು ಸಾಲು: ಫಾರ್ವರ್ಡ್‌ನಲ್ಲಿದ್ದದ್ದು, ತಮ್ಮ ಕಂಪ್ಯೂಟರ್ ಕೊಟ್ಟದ್ದು. ನಾಲ್ಕು ನಾಲ್ಕು ಅಕ್ಷರದ ಹದಿನಾರು ಗುಂಪು, ಪ್ರತಿ ಗುಂಪಿನ ಕೆಳಗೂ ಪೆನ್ಸಿಲಿನಲ್ಲಿ ಗೆರೆ. ನಮ್ಮಲ್ಲಿ ಹದಿನೆಂಟು ಜನ ಬರೀ ಬಾಯಲ್ಲಿ ಮಾತಾಡುತ್ತಿದ್ದೆವು. ಕೂತು ಕೆಲಸ ಮಾಡಿದ್ದು ಅವರೊಬ್ಬರೇ. ಅಜ್ಜಿಯ ರೆಕಾರ್ಡಿಂಗ್ ಹೋದಮೇಲೆ ಇದನ್ನೆಲ್ಲ ಕಲಿತಿದ್ದಾರೆ ಅಂತ ಆ ಹಾಳೆ ನೋಡುವವರೆಗೆ ನನಗೆ ತಿಳಿದಿರಲಿಲ್ಲ.

ಫೋಟೋ ದೊಡ್ಡದು ಮಾಡಿ ಮೊದಲ ಗುಂಪಿನಿಂದ ಓದಿದೆ. ಇ3ಬಿ0, ಸಿ442, 98ಎಫ್‌ಸಿ, 1ಸಿ14. ಕೊನೆಯ ಎರಡು 7852, ಬಿ855. ಪ್ಯಾಕೇಜ್ ಕಟ್ಟುವ ಕೆಲಸದಲ್ಲಿ ಈ ಸಂಖ್ಯೆ ನನ್ನ ಕಣ್ಣಿಗೆ ಎಷ್ಟೋ ಸಲ ಬಿದ್ದಿದೆ. ಡೌನ್‌ಲೋಡ್ ಕೈಕೊಟ್ಟು ಬರೀ ಹೆಸರು ಉಳಿದು ಒಳಗೆ ಏನೂ ಇಲ್ಲದಾಗ ಬರುವ ಹ್ಯಾಶ್ ಅದು. ಖಾಲಿ ಫೈಲು ಯಾವ ಊರಿನ ಯಾವ ಯಂತ್ರದಲ್ಲಿದ್ದರೂ ಅದರ ಶಾ-256 ಇದೇ.

ನಾನು: ಭಾವ, ಆ ಫೈಲ್ ಸೈಜ್ ಎಷ್ಟಿದೆ ನೋಡಿ.

ಯಾರೂ ಗಮನಿಸಲಿಲ್ಲ. ಮತ್ತೆ ಕೇಳಿದೆ. ಮೂರನೇ ಸಲ ಚಿಕ್ಕಮ್ಮ ನನ್ನ ಪರವಾಗಿ ಕೇಳಿದರು.

ಚಿಕ್ಕಮ್ಮ: ಸೈಜ್ ಎಷ್ಟು ಅಂತ ಕೇಳ್ತಿದಾರೆ, ಹೇಳಿ ಅಳಿಯಂದ್ರೆ.

ಭಾವ: 0 ಕೆಬಿ.

ಭಾವ: ಸೊನ್ನೆ ಅಂತ ತೋರಿಸ್ತಿದೆ.

ಹಾಗಾದರೆ ಆ ಲಿಂಕಿನಿಂದ ಬರುತ್ತಿದ್ದದ್ದು ಖಾಲಿ ಫೈಲು. ಸಂದೇಶ ಬರೆದವರಿಗೆ ಸಿಕ್ಕಿದ್ದೂ ಖಾಲಿ ಫೈಲೇ, ಅದರ ಹ್ಯಾಶನ್ನೇ ತೆಗೆದು ಅಸಲಿ ಅಂತ ಹಂಚಿದ್ದಾರೆ. ಭಾವನ ಲೆಕ್ಕದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇದನ್ನು ಗುಂಪಿನಲ್ಲಿ ಹಾಗೇ ಬರೆದೆ, ಕೊನೆಯ ವಾಕ್ಯವನ್ನು ಎರಡು ಸಲ ಬರೆದೆ.

ದೊಡ್ಡಪ್ಪ: ಸದ್ಯ, ಖಾಲಿ ಇದ್ದದ್ದು ಒಳ್ಳೇದೇ ಆಯ್ತು. ಇನ್ನು ಸಾಕು ಮಾಡಿ.

ಚಿಕ್ಕಮ್ಮ: ಓರಗಿತ್ತಿಯರ ಗುಂಪಿಂದ ಹೇಗೆ ತೆಗೆಯೋದು? ಅವರು ಆಗಲೇ ಮುಂದೆ ಕಳಿಸಿಬಿಟ್ಟಿದ್ದಾರೆ.

ಭಾವ ಗುಂಪಿನಲ್ಲಿ ಮತ್ತೇನೂ ಬರೆಯಲಿಲ್ಲ, ಫಾರ್ವರ್ಡ್ ಇದ್ದ ಕಡೆ ಅಳಿಸಿದ ಗುರುತು ಬಂತು. ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಇದನ್ನು ಹೇಗೆ ಮಾಡುತ್ತಾರೆ ಅಂತ ಕೇಳಿಸಿಕೊಂಡರು: ಪ್ರತಿ ಪ್ಯಾಕೇಜಿನ ಹ್ಯಾಶ್ ಒಂದು ಪಟ್ಟಿಯಲ್ಲಿ, ಆ ಪಟ್ಟಿಯ ಹ್ಯಾಶ್ ಇನ್ನೊಂದು ಫೈಲಿನಲ್ಲಿ, ಅದರ ಮೇಲೆ ಡಿಜಿಟಲ್ ಸಹಿ, ಸಹಿ ಪರೀಕ್ಷಿಸುವ ಕೀ ಮೊದಲೇ ನಮ್ಮ ಯಂತ್ರದಲ್ಲಿ. "ಅಂದ್ರೆ ಫೈಲ್ ಕೊಟ್ಟೋನು ಒಬ್ಬ, ಜಾಮೀನು ಇನ್ನೊಬ್ಬನದು" ಅಂದರು. ಹೌದು ಅಂದೆ.

ಸಂಜೆ ನನಗೊಬ್ಬನಿಗೇ ಒಂದು ಫೋಟೋ ಬಂತು. ಹೊಸ ಹಾಳೆ, ಹದಿನಾರು ಗುಂಪಿಗೆ ಖಾನೆ ಎಳೆದಿದ್ದಾರೆ. ಖಾನೆಗಳ ಮೇಲೆ ಎರಡು ಸಾಲು ಜಾಗ ಬಿಟ್ಟಿದ್ದರು. ಒಂದರ ಮುಂದೆ 'ಹ್ಯಾಶ್ ಕೊಟ್ಟವರು ಯಾರು' ಅಂತ, ಇನ್ನೊಂದರ ಮುಂದೆ 'ಸೈಜ್' ಅಂತ ಬರೆದಿತ್ತು.