ಮನೆ ಮಂದಿ ಗುಂಪಿನಲ್ಲಿ ಬುಷ್ ಗಲಾಟೆ

*ಸಾಗರದ ಭಾವ:* [ಫಾರ್ವರ್ಡ್ ಆದ ವಿಡಿಯೊ] ಅಡಿಕೆ ಸುಲಿಯುವ ಮಿಷನ್ನಿನ ಬುಷ್ಷಿಗೆ, ಅಂದರೆ ಶಾಫ್ಟ್ (ತಿರುಗುವ ಕಂಬಿ) ಕೂರುವ ಬಳೆಗೆ, ಹಿತ್ತಾಳೆ ಬೇಡವಂತೆ. ನೈಲಾನ್ ಬುಷ್ ಸಾಕು, ಎಣ್ಣೆಯೂ ಬೇಡ. ನಮ್ಮ ಮೂರು ಮನೆಯ ಮಿಷನ್ನಿಗೂ ಇದನ್ನೇ ಹಾಕಿಸೋಣ.

*ಚಿಕ್ಕಪ್ಪ:* ಮತ್ತೆ ನೈಲಾನಾ? ಹೋದ ವರ್ಷದ್ದು ಮರೆತೆಯಾ ಮಾರಾಯ? ಮಳೆಗಾಲವಿಡೀ ಕೊಟ್ಟಿಗೆಯಲ್ಲಿತ್ತು. ಕೊಯ್ಲಿಗೆ ಹೊರಗೆ ತೆಗೆದರೆ ಶಾಫ್ಟ್ ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ಬಿಡಿಸಿದ್ದು ನಾನು.

*ಸಾಗರದ ಭಾವ:* ಅದು ತುಕ್ಕು. ಸುಮ್ನೆ ಪ್ಲಾಸ್ಟಿಕ್ಕಿಗೆ ಬೈಯಬೇಡಿ.

*ನಾನು:* ತುಕ್ಕಲ್ಲ ಭಾವ. ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ಪೂರ್ತಿ ನೆನೆದರೆ ತೂಕದ ಶೇ. 9ರ ಹತ್ತಿರ ಹೀರುತ್ತದೆ. ಹೀರಿದಷ್ಟೂ ಉಬ್ಬುತ್ತದೆ. ಬುಷ್ಷಿನ ಹೊರಗಡೆ ಕಬ್ಬಿಣ ಬಿಗಿಯಾಗಿ ಹಿಡಿದುಕೊಂಡಿದೆ, ಆ ಕಡೆ ಜಾಗ ಇಲ್ಲ. ಹಾಗಾಗಿ ಒಳಗಿನ ತೂತು ಸಣ್ಣದಾಗುತ್ತದೆ. ಶಾಫ್ಟಿಗೆ ನಾವು ಬಿಟ್ಟ ಸಡಿಲ ಬರೀ 0.1 ಎಂಎಂ. ನಮ್ಮ ಕಡೆಯ ಜುಲೈಗೆ ಅದು ಯಾವ ಲೆಕ್ಕ?

*ಅತ್ತಿಗೆ:* ನಮ್ಮ ದೇವರಕೋಣೆ ಬಾಗಿಲಿನ ಹಾಗೆ. ಆಷಾಢದಲ್ಲಿ ಮುಚ್ಚೋದೇ ಇಲ್ಲ.

*ಸಾಗರದ ಭಾವ:* ಹಾಗಾದ್ರೆ ಗೇರಿಗೆ ಮಾತ್ರ ನೀನೇ ನೈಲಾನ್ ಹಾಕಿದ್ದು ಯಾಕೆ?

*ನಾನು:* ಅದು ಪೆಟ್ಟು ತಿನ್ನುವ ಜಾಗ. ಅಡಿಕೆ ಜೊತೆ ಕಲ್ಲು ಬಂದರೂ ಹಲ್ಲು ತಾಳಬೇಕು. ತೇವ ಕುಡಿದ ನೈಲಾನ್ ಸ್ವಲ್ಪ ಮೆತ್ತಗಾದರೂ ಪೆಟ್ಟು ಚೆನ್ನಾಗಿ ತಡೆಯುತ್ತದೆ. ಒಣಗಿದ್ದೇ ಬೇಗ ಬಿರುಕು ಬಿಡೋದು. ಹಲ್ಲುಗಳ ನಡುವೆ ಸಡಿಲವನ್ನೂ ಜಾಸ್ತಿ ಬಿಟ್ಟಿದ್ದೇನೆ. ಬುಷ್ಷಿಗೆ ಹಾಗಲ್ಲ, ಅಳತೆ ನಿಲ್ಲಬೇಕು. ಅದಕ್ಕೆ ಅಸಿಟಾಲ್ ಅನ್ನೋ ಬೇರೆ ಪ್ಲಾಸ್ಟಿಕ್, ಅಂಗಡಿಯಲ್ಲಿ ಡೆಲ್ರಿನ್ ಅಂತಾರೆ. ಎಷ್ಟೇ ನೆನೆದರೂ ಶೇ. 1ರ ಒಳಗೇ ಹೀರೋದು.

*ಚಿಕ್ಕಪ್ಪ:* ಡೆಲ್ರಿನ್ ತಂದಾಯ್ತು. ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ. [ಫೋಟೊ: ಬಿಳಿ ರಾಡು, ಪಕ್ಕದಲ್ಲಿ ಸ್ಕೇಲು]

*ನಾನು:* ಡೆಲ್ರಿನ್, ನೈಲಾನ್ ಎರಡೂ ಬಿಳಿಯೇ ಚಿಕ್ಕಪ್ಪ, ನೋಡಿದರೆ ಗೊತ್ತಾಗಲ್ಲ, ತೂಕ ಮಾತ್ರ ಬೇರೆ. 50 ಎಂಎಂ ದಪ್ಪ, 100 ಎಂಎಂ ಉದ್ದ ಅಲ್ವಾ? ಅಡುಗೆಮನೆ ತಕ್ಕಡಿಯಲ್ಲಿ ಇಡಿ. ಡೆಲ್ರಿನ್ ಆದರೆ 277 ಗ್ರಾಂ ಆಸುಪಾಸು ಬರಬೇಕು. ನೈಲಾನ್ ಆದರೆ 224.

*ಸಾಗರದ ಭಾವ:* ರಾಡಿಗೂ ಜಾತಕ ನೋಡ್ತಾನೆ ಇವನು 😄

*ಚಿಕ್ಕಪ್ಪ:* 226.

*ಚಿಕ್ಕಪ್ಪ:* ಎರಡು ಸಲ ಇಟ್ಟು ನೋಡಿದೆ.

*ನಾನು:* ನೈಲಾನೇ.

*ಸಾಗರದ ಭಾವ:* ಅಂತೂ ನನ್ನ ವಿಡಿಯೊ ಗೆದ್ದಿತು!

*ಚಿಕ್ಕಪ್ಪ:* ನೀನು ಸುಮ್ಮನಿರು. ಬಿಲ್ಲಿನಲ್ಲಿ 'ಡೆಲ್ರಿನ್' ಅಂತಲೇ ಬರೆದಿದ್ದಾನೆ. ನಾಳೆ ಬೆಳಗಿನ ಬಸ್ಸಿಗೇ ಹೋಗಿ ವಾಪಸ್ ಕೊಡುತ್ತೇನೆ.

*ಅತ್ತಿಗೆ:* ಹೋಗ್ತಾ ಆ ತಕ್ಕಡಿಯನ್ನೂ ಚೀಲಕ್ಕೆ ಹಾಕ್ಕೊಳ್ಳಿ. ಬರುವಾಗ ರಿಪೇರಿಗೆ ಕೊಟ್ಟ ನನ್ನ ಮಿಕ್ಸಿ ತನ್ನಿ. ಅದು ಯಾವ ಪ್ಲಾಸ್ಟಿಕ್ ಅಂತ ಯಾರೂ ಕೇಳಬೇಡಿ.